ನಾಟಕರತ್ನ ಗುಬ್ಬಿ ವೀರಣ್ಣನವರು

ನಾದಕ್ಕೆ ಕುಲವಿಲ್ಲ, ಗಡಿಯಿಲ್ಲ. ಪದದ ಅರ್ಥವನ್ನರಿಯದವನೂ ರಾಗದ ಭಾವಕ್ಕೆ ತಲೆದೂಗುವನು. ಈ ತತ್ತ್ವವನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟ ಮಹನೀಯರಲ್ಲಿ ಗುಬ್ಬಿ ವೀರಣ್ಣನವರು ಅಗ್ರಗಣ್ಯರು.

ಶೆಟ್ಟಿಹಳ್ಳಿ, ತುಮಕೂರುಗಳಿಗೆ ಪಶ್ಚಿಮದಲ್ಲಿರುವ ಗುಬ್ಬಿಯಲ್ಲಿ 1884ರಲ್ಲಿ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದ ಮಿತ್ರರು ಕೂಡಿ ನಾಟಕ ಸಂಘವೊಂದನ್ನು ಕಟ್ಟಿ, ಅದಕ್ಕೆ ಶ್ರೀ ಚನ್ನಬಸವೇಶ್ವರಸ್ವಾಮಿಯ ಹೆಸರನ್ನಿಟ್ಟರು. ಭಿನ್ನಮತದವರ ಸ್ನೇಹವೇ ಅದರ ತಳಹದಿಯಾಗಿದ್ದಿತು. 1891ರಲ್ಲಿ ಜನಿಸಿದ ವೀರಣ್ಣನವರು ಬಾಲ್ಯದಲ್ಲಿಯೇ ಸಂಘವನ್ನು ಸೇರಿ, ಹಾಸ್ಯಪಾತ್ರಗಳಲ್ಲಿ, ವಿಶೇಷವಾಗಿ ಸದಾರಮೆ ನಾಟಕದ ಕಳ್ಳನ ಪಾತ್ರದಲ್ಲಿ ಪ್ರಸಿದ್ಧಿಯನ್ನು ಪಡೆದರು. ಮುಂದೆ ಸಂಘದ ಒಡೆಯರೂ ಆದರು.

ಆ ಕಾಲದ ರಂಗಭೂಮಿಗೆ ಸಂಗೀತವೇ ಪ್ರಾಣವಾಗಿದ್ದಿತು. ಧ್ವನಿವರ್ಧಕವಿಲ್ಲದ್ದರಿಂದ ಕಡೆಯ ಸಾಲಿನವನಿಗೂ ಕೇಳಿಸುವಂತೆ ನಟನು ಮೇಲುಶ್ರುತಿಯಲ್ಲಿ ಹಾಡಬೇಕಾಗಿದ್ದಿತು. ಪಾಶ್ಚಾತ್ಯರ ಹಾರ್ಮೋನಿಯಂ ಕನ್ನಡ ನಟರ ಕಂಠಕ್ಕೆ ಆಧಾರವಾಯಿತು. ಕರ್ನಾಟಕ ಸಂಗೀತದ ರಾಗಗಳೊಡನೆ ಪಾರಸಿ, ಮರಾಠಿ ಮಂಡಳಿಗಳ ಮೂಲಕ ಬಂದ ಹಿಂದೂಸ್ತಾನಿ ಮಟ್ಟುಗಳೂ ಕನ್ನಡದ ನುಡಿಯನ್ನುಟ್ಟು ಮೆರೆದವು. ಸಂಘವು ಈ ಸಂಪತ್ತನ್ನು ಹೊತ್ತು ತಮಿಳು, ಆಂಧ್ರ ಸೀಮೆಗಳಲ್ಲಿಯೂ ಸಂಚರಿಸಿತು. ಕರ್ನಾಟಕಾಂಧ್ರ ನಾಟಕ ಸಾರ್ವಭೌಮ ಎಂಬ ಬಿರುದು ವೀರಣ್ಣನವರಿಗೆ ಸಂದಿತು.

ನಾಟಕದವರನ್ನು ಸಮಾಜವು ಹಗುರವಾಗಿ ಕಾಣುತ್ತಿದ್ದ ದಿನಗಳಲ್ಲಿ ಅವರು ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ರಂಗಕ್ಕೆ ತಂದರು. ಬಿ. ಜಯಮ್ಮನವರ ಗಾಯನಾಭಿನಯಗಳು ಜನಮನವನ್ನು ಸೂರೆಗೊಂಡವು. 1934ರಲ್ಲಿ ಕುರುಕ್ಷೇತ್ರ ನಾಟಕಕ್ಕಾಗಿ ಆನೆ, ಕುದುರೆಗಳೇ ರಂಗವನ್ನೇರಿದವು.

ಆದರೆ ಆನೆಯನ್ನು ರಂಗಕ್ಕೆ ತಂದುದಕ್ಕಿಂತಲೂ ಬಾಲಕನೊಬ್ಬನನ್ನು ವಿದ್ಯೆಗಾಗಿ ಬೀಳ್ಕೊಟ್ಟುದು ದೊಡ್ಡ ಕಾರ್ಯ. ದಕ್ಷಿಣ ಕನ್ನಡದಲ್ಲಿ ಮನೆಯನ್ನು ತೊರೆದು ಬಂದು ಸಂಘವನ್ನು ಸೇರಿದ್ದ ಬಿ. ವಿ. ಕಾರಂತರಲ್ಲಿ ವೀರಣ್ಣನವರು ವಿದ್ಯಾದಾಹವನ್ನು ಕಂಡರು. ಹಾಡಿ ಕುಣಿಯಬಲ್ಲ ಹುಡುಗನು ಸಂಘಕ್ಕೆ ಬೇಕಾದವನೇ. ಅವನನ್ನು ಬಿಟ್ಟುಕೊಡುವುದು ನಷ್ಟವೇ. ಆದರೂ ಅವರು ಕಾರಂತರನ್ನು ಕಾಶಿಗೆ ಉಚ್ಚವಿದ್ಯೆಗಾಗಿ ಕಳುಹಿಸಿದರು. ಅಲ್ಲಿ ಕಾರಂತರು ಪಂಡಿತ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತರು. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ಆಂಗ್ಲಕವಿ ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಹಿಂದೀ ನುಡಿಯಲ್ಲಿ ಯಕ್ಷಗಾನದ ರೀತಿಯಿಂದ ಆಡಿಸಿದರು. ಗುಬ್ಬಿಯಲ್ಲಿ ಬಿತ್ತಿದ ಬೀಜವು ಉತ್ತರದೇಶದಲ್ಲಿ ಫಲ ಕೊಟ್ಟಿತು.

1972ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದ ವೀರಣ್ಣನವರು ಅದೇ ವರ್ಷ ಶಿವಾಧೀನರಾದರು. ಗಳಿಸಿದುದನ್ನು ಹಂಚಿದವನಿಗೆ ಅದು ಇಮ್ಮಡಿಯಾಗುವುದೆಂಬ ದಾಸೋಹದ ಮರ್ಮವು ಕಲೆಗೂ ಸಲ್ಲುವುದೆಂಬುದಕ್ಕೆ ಅವರ ಚರಿತೆಯೇ ಸಾಕ್ಷಿಯಾಗಿದೆ.