ಅಲೆಕ್ಸಿಸ್ ಕ್ಯಾರೆಲ್ ಮತ್ತು ಕೋಳಿಮರಿಯ ಹೃದಯದ ತುಣುಕು

ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಮಾಡುತ್ತಿದ್ದಾಗ, ದೇಹದಿಂದ ಹೊರತೆಗೆದ ಜೀವಕೋಶ ಎಷ್ಟು ದಿನ ಬದುಕುತ್ತದೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಉತ್ತರ ಹುಡುಕುತ್ತ ಹೋದಾಗ ನನಗೆ ಸಿಕ್ಕವರು ಅಲೆಕ್ಸಿಸ್ ಕ್ಯಾರೆಲ್.

ಕ್ಯಾರೆಲ್ 1873ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಬಳಿ ಜನಿಸಿದರು. 1894ರಲ್ಲಿ ಅದೇ ನಗರದಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಚೂರಿ ಇರಿತಕ್ಕೆ ಒಳಗಾದರು. ತುಂಡಾದ ರಕ್ತನಾಳವನ್ನು ಹೊಲಿಯುವ ವಿಧಾನ ಆಗ ವೈದ್ಯರಿಗೆ ತಿಳಿದಿರಲಿಲ್ಲ, ಅವರು ಉಳಿಯಲಿಲ್ಲ. ಯುವ ಕ್ಯಾರೆಲ್ ಕಸೂತಿ ಹಾಕುವ ಮಹಿಳೆಯೊಬ್ಬರಿಂದ ನಯವಾದ ಸೂಜಿಕೆಲಸ ಕಲಿತು ರಕ್ತನಾಳಗಳನ್ನು ಜೋಡಿಸುವ ವಿಧಾನ ಕಂಡುಹಿಡಿದರು. 1906ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆ ಸೇರಿದರು. 1912ರಲ್ಲಿ ನೊಬೆಲ್ ಬಹುಮಾನ ಬಂತು.

ಅಷ್ಟರಲ್ಲಿ ಅವರ ಗಮನ ಜೀವಕೋಶ ಕೃಷಿಯತ್ತ ತಿರುಗಿತ್ತು. ಕಪ್ಪೆಯ ನರಕೋಶವನ್ನು ದೇಹದ ಹೊರಗೆ ಬೆಳೆಸಿದ್ದ ರಾಸ್ ಹ್ಯಾರಿಸನ್‌ರ ಬಳಿಗೆ 1910ರಲ್ಲಿ ತಮ್ಮ ಸಹಾಯಕ ಬರೋಸ್‌ರನ್ನು ಕಳುಹಿಸಿ ವಿಧಾನ ಕಲಿಸಿದರು. ಆದರೆ ಈ ಕೆಲಸದ ದೊಡ್ಡ ಶತ್ರು ಬ್ಯಾಕ್ಟೀರಿಯಾ. ಜೀವಕೋಶಕ್ಕೆ ಕೊಡುವ ಪೋಷಕ ದ್ರವ ಬ್ಯಾಕ್ಟೀರಿಯಾಕ್ಕೂ ಮೃಷ್ಟಾನ್ನವೇ. ಪ್ರಾಣಿಯ ಜೀವಕೋಶ ಸುಮಾರಾಗಿ ದಿನಕ್ಕೊಮ್ಮೆ ವಿಭಜಿಸಿದರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಒಳಗೆ ಒಂದೇ ಒಂದು ಹೊಕ್ಕರೂ 8 ಗಂಟೆಯಲ್ಲಿ 24 ಸಲ ಇಮ್ಮಡಿ, ಅಂದರೆ ಒಂದೂವರೆ ಕೋಟಿಗೂ ಹೆಚ್ಚು. (ಈ ಲೆಕ್ಕವನ್ನು ಮಕ್ಕಳಿಂದಲೇ ಕರಿಹಲಗೆಯ ಮೇಲೆ ಮಾಡಿಸಿದೆ. ಹತ್ತನೇ ಇಮ್ಮಡಿಯವರೆಗೆ ನಗುತ್ತಿದ್ದರು, ಆಮೇಲೆ ತರಗತಿ ಸದ್ದಿಲ್ಲದಾಯಿತು.) ದ್ರವ ಕದಡಿ ಆಮ್ಲೀಯವಾಗುತ್ತದೆ, ಜೀವಕೋಶಗಳು ಸಾಯುತ್ತವೆ. ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ. ತಡೆಯುವುದೊಂದೇ ದಾರಿ.

ಕ್ಯಾರೆಲ್ ಶಸ್ತ್ರಚಿಕಿತ್ಸೆಯ ಶಿಸ್ತನ್ನೇ ಪ್ರಯೋಗಾಲಯಕ್ಕೆ ತಂದರು. ಕೆಲಸದವರಿಗೆಲ್ಲ ತಲೆ ಮುಚ್ಚುವ ಕಪ್ಪು ನಿಲುವಂಗಿ, ಉಪಕರಣಗಳೆಲ್ಲ ನಿರ್ಜಂತುಕ. 1923ರಲ್ಲಿ ಓರೆ ಕತ್ತಿನ ಚಪ್ಪಟೆ ಗಾಜಿನ ಫ್ಲಾಸ್ಕ್ ರೂಪಿಸಿದರು. ಅದರ ಕಿರಿದಾದ ಬಾಯಿಯನ್ನು ಜ್ವಾಲೆಗೆ ಹಿಡಿಯಬಹುದಿತ್ತು, ಧೂಳು ನೇರವಾಗಿ ಒಳಗೆ ಬೀಳುತ್ತಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಡೇಕಿನ್ ಜೊತೆ ಸೈನಿಕರ ಗಾಯಗಳನ್ನು ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಿಂದ ತೊಳೆಯುವ ಕ್ರಮ ರೂಪಿಸಿದವರೂ ಇವರೇ.

1912ರ ಜನವರಿ 17ರಂದು ಕೋಳಿಭ್ರೂಣದ ಹೃದಯದ ತುಣುಕಿನಿಂದ ಆರಂಭಿಸಿದ ಕೃಷಿಯನ್ನು ಸಹೋದ್ಯೋಗಿ ಎಬೆಲಿಂಗ್ 34 ವರ್ಷ ನಡೆಸಿದರು. ಜೀವಕೋಶಕ್ಕೆ ಸಾವಿಲ್ಲ ಎಂದು ಜಗತ್ತು ನಂಬಿತು. ಕ್ಯಾರೆಲ್ ಮಾತ್ರ 1935ರಲ್ಲಿ ಬರೆದ ಪುಸ್ತಕದಲ್ಲಿ ಮನುಷ್ಯರನ್ನೇ ಉತ್ತಮರು, ಅಧಮರು ಎಂದು ವಿಂಗಡಿಸುವ ಸುಜನನವಾದವನ್ನು ಎತ್ತಿಹಿಡಿದರು. ಆ ಭಾಗವನ್ನು ಮುಚ್ಚಿಟ್ಟು ಅವರ ಕಥೆ ಹೇಳುವುದು ನನಗೆ ಸರಿಕಾಣುವುದಿಲ್ಲ. 1944ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.

1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್, ಮನುಷ್ಯನ ಸಾಮಾನ್ಯ ಜೀವಕೋಶಗಳು ಸುಮಾರು 50 ಬಾರಿ ಇಮ್ಮಡಿಯಾಗಿ ನಿಂತುಬಿಡುತ್ತವೆ ಎಂದು ತೋರಿಸಿದರು. ಹಾಗಾದರೆ ಕೋಳಿಯ ಜೀವಕೋಶ 34 ವರ್ಷ ನಡೆದದ್ದು ಹೇಗೆ? ಪೋಷಣೆಗೆಂದು ಆಗಾಗ ಹಾಕುತ್ತಿದ್ದ ಭ್ರೂಣರಸದಲ್ಲೇ ಹೊಸ ಜೀವಕೋಶಗಳು ಸೇರಿಕೊಳ್ಳುತ್ತಿದ್ದಿರಬೇಕು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಬ್ಯಾಕ್ಟೀರಿಯಾ ಬಂದರೆ ದ್ರವ ಕದಡಿ ತಾನೇ ಹೇಳುತ್ತದೆ. ಕೋಳಿಯ ಕೋಶದ ನಡುವೆ ಇನ್ನೊಂದು ಕೋಳಿಯ ಕೋಶ ಬಂದರೆ ಸೂಕ್ಷ್ಮದರ್ಶಕಕ್ಕೂ ವ್ಯತ್ಯಾಸ ಕಾಣದು. ಆ ಕೃಷಿಯನ್ನು 1946ರಲ್ಲೇ ನಿಲ್ಲಿಸಿಬಿಟ್ಟಿದ್ದರು.