ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ): ಮಾರುಕಟ್ಟೆಯಲ್ಲೂ ರಣರಂಗದಲ್ಲೂ

ಪ್ರಿಯ ಓದುಗರೇ, ವ್ಯಾಪಾರದಲ್ಲಿ ಪೂರ್ಣ ಪ್ರಾಮಾಣಿಕತೆ ಸಾಧ್ಯವಿಲ್ಲ ಎಂಬ ಮಾತನ್ನು ನೀವು ಅನೇಕ ಬಾರಿ ಕೇಳಿರುತ್ತೀರಿ. ಹಣ ಕೂಡಿದ ಮನೆಯಲ್ಲಿ ಧರ್ಮನಿಷ್ಠೆ ಉಳಿಯದೆಂದು ಹೇಳುವವರೂ ಇದ್ದಾರೆ. ಅಂಥವರು ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಜೀವನವನ್ನೊಮ್ಮೆ ಗಮನಿಸಬೇಕು.

ಅವರು ಸುಮಾರು ಕ್ರಿ.ಶ. 580ರಲ್ಲಿ ಮಕ್ಕಾದ ಖುರೈಶರ ಬನೂ ಝುಹ್ರಾ ಮನೆತನದಲ್ಲಿ ಜನಿಸಿದರು. ಮಕ್ಕಾ ಬೆಳೆಯಿಲ್ಲದ ಕಣಿವೆ. ಚಳಿಗಾಲದಲ್ಲಿ ಯಮನ್ ಕಡೆಗೆ, ಬೇಸಿಗೆಯಲ್ಲಿ ಸಿರಿಯಾದ ಕಡೆಗೆ ಹೋಗುತ್ತಿದ್ದ ಒಂಟೆಗಳ ಕಾಫಿಲಾಗಳೇ ಆ ಊರಿನ ಅನ್ನದ ದಾರಿ. ಕುರ್‌ಆನಿನ ಖುರೈಶ್ ಅಧ್ಯಾಯವು ಈ ಯಾತ್ರೆಗಳನ್ನು ಸ್ಮರಿಸುತ್ತದೆ. ಉತ್ತರದಲ್ಲಿ ರೋಮನರು ಮತ್ತು ಪರ್ಶಿಯನರು 602ರಿಂದ 628ರವರೆಗೆ ಪರಸ್ಪರ ಕಾದಾಡುತ್ತಿದ್ದ ಕಾಲವದು. ವರ್ತಕನಾದವನು ಸರಕಿನ ಜೊತೆಗೆ ಖಡ್ಗವನ್ನೂ ಬಲ್ಲವನಾಗಿರಬೇಕಿತ್ತು.

ಬಟ್ಟೆ ವ್ಯಾಪಾರಿಯಾಗಿದ್ದ ಹ. ಅಬೂಬಕರ್(ರ)ರ ಮೂಲಕ ಅವರು ಆರಂಭದಲ್ಲೇ ಇಸ್ಲಾಮ್ ಸ್ವೀಕರಿಸಿದರು. ಅವರ ಹಳೆಯ ಹೆಸರನ್ನು ಬದಲಿಸಿ ಅಬ್ದುರ್ರಹ್ಮಾನ್ ಎಂದು ಕರೆದವರು ಪ್ರವಾದಿವರ್ಯರು(ಸ). ಖುರೈಶರ ಕಿರುಕುಳದಿಂದ ಅವರು ಅಬಿಸೀನಿಯಾಕ್ಕೆ ವಲಸೆ ಹೋದರು. 622ರಲ್ಲಿ ಎಲ್ಲವನ್ನೂ ತೊರೆದು ಬರಿಗೈಯಲ್ಲಿ ಮದೀನಾ ಸೇರಿದರು.

ಅಲ್ಲಿ ಪ್ರವಾದಿವರ್ಯರು(ಸ) ಅವರನ್ನು ಅನ್ಸಾರಿಗಳಾದ ಹ. ಸಅದ್ ಬಿನ್ ರಬೀಅ್(ರ)ರ ಸಹೋದರನನ್ನಾಗಿ ಮಾಡಿದರು. ಸಅದ್(ರ) ತಮ್ಮ ಸೊತ್ತಿನ ಅರ್ಧಭಾಗವನ್ನೇ ಮುಂದಿಟ್ಟರು. ಅಬ್ದುರ್ರಹ್ಮಾನ್(ರ) ಆ ಸಹೋದರನ ಸಂಪತ್ತಿಗೆ ಬರಕತ್ ಬೇಡಿದರು, ಆದರೆ ಅದರಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಮಾರುಕಟ್ಟೆಯ ದಾರಿಯನ್ನಷ್ಟೇ ಕೇಳಿದರು. ಬನೂ ಕೈನುಕಾ ಸಂತೆಯಲ್ಲಿ ತುಪ್ಪ ಮತ್ತು ಒಣಗಿಸಿದ ಗಟ್ಟಿ ಮೊಸರಿನ ವ್ಯಾಪಾರ ಆರಂಭಿಸಿದರು. ಸ್ವಲ್ಪ ಕಾಲದಲ್ಲೇ ಖರ್ಜೂರದ ಬೀಜದಷ್ಟು ತೂಕದ ಚಿನ್ನವನ್ನು ಮಹ್ರ್ ಕೊಟ್ಟು ವಿವಾಹವಾದರು. ಒಂದು ಆಡನ್ನಾದರೂ ಕೊಯ್ದು ವಲೀಮಾ ನಡೆಸುವಂತೆ ಪ್ರವಾದಿವರ್ಯರು(ಸ) ಅವರಿಗೆ ಸೂಚಿಸಿದರು.

ಅವರ ಮಾತಿನ ಬೆಲೆ ಏನೆಂಬುದು 624ರಲ್ಲಿ ಬದ್ರ್‌ನಲ್ಲಿ ಪರೀಕ್ಷೆಗೊಳಗಾಯಿತು. ಮಕ್ಕಾದ ಉಮಯ್ಯಾ ಬಿನ್ ಖಲಫ್‌ನೊಂದಿಗೆ ಅವರದೊಂದು ಲಿಖಿತ ಕರಾರಿತ್ತು. ಮಕ್ಕಾದಲ್ಲಿರುವ ಇವರ ಹಿತವನ್ನು ಅವನೂ ಮದೀನಾದಲ್ಲಿರುವ ಅವನ ಹಿತವನ್ನು ಇವರೂ ಕಾಯಬೇಕೆಂಬುದು ಅದರ ಸಾರ. ಈ ಉಮಯ್ಯಾನೇ ಹ. ಬಿಲಾಲ್(ರ)ರನ್ನು ಸುಡುವ ಮರಳಿನಲ್ಲಿ ಮಲಗಿಸಿ ಹಿಂಸಿಸಿದವನು. ಯುದ್ಧ ಮುಗಿದಾಗ ಅಬ್ದುರ್ರಹ್ಮಾನ್(ರ) ಅವನನ್ನು ರಕ್ಷಿಸಲು ಹೊರಟರು. ಬಿಲಾಲ್(ರ) ಅವನನ್ನು ಕಂಡು ಅನ್ಸಾರಿಗಳನ್ನು ಕೂಗಿ ಕರೆದರು. ಅಬ್ದುರ್ರಹ್ಮಾನ್(ರ) ಉಮಯ್ಯಾನನ್ನು ನೆಲಕ್ಕೆ ಕೂರಿಸಿ ತಮ್ಮ ಶರೀರವನ್ನೇ ಅವನ ಮೇಲೆ ಅಡ್ಡವಿಟ್ಟರು. ಆದರೂ ಅವನು ಉಳಿಯಲಿಲ್ಲ. ಇವರ ಪಾದಕ್ಕೂ ಖಡ್ಗದ ಏಟು ಬಿತ್ತು. ಮುಂದೆ ಅವರು ಆ ಗಾಯದ ಗುರುತನ್ನು ತೋರಿಸುತ್ತಿದ್ದರು. ಬಿಲಾಲ್(ರ)ರ ಆಕ್ರೋಶ ನ್ಯಾಯವಾದುದು. ಆದರೆ ಕರಾರು ಮಾಡಿದವನು ಶತ್ರುವಿನ ವಿಷಯದಲ್ಲೂ ಅದಕ್ಕೆ ಬದ್ಧನಾಗಿರಬೇಕೆಂದು ಅಬ್ದುರ್ರಹ್ಮಾನ್(ರ) ನಂಬಿದ್ದರು. ಓದುಗರೇ, ಮಿತ್ರರಿಗೆ ಕೊಟ್ಟ ಮಾತನ್ನಾದರೂ ನಾವು ಇಷ್ಟು ಉಳಿಸಿಕೊಳ್ಳುತ್ತೇವೆಯೇ?

625ರ ಉಹುದ್ ಯುದ್ಧದಲ್ಲಿ ಅವರಿಗೆ 20ಕ್ಕೂ ಹೆಚ್ಚು ಗಾಯಗಳಾದವು. ಕಾಲಿನ ಕುಂಟು ಜೀವನಪರ್ಯಂತ ಉಳಿಯಿತು. ಹಿಜರಿ 6ರಲ್ಲಿ ಪ್ರವಾದಿವರ್ಯರು(ಸ) ಸ್ವತಃ ಅವರಿಗೆ ಮುಂಡಾಸು ಕಟ್ಟಿ, ವ್ಯಾಪಾರ ಮಾರ್ಗಗಳು ಕೂಡುವ ದೂಮತುಲ್ ಜಂದಲ್‌ಗೆ ದಳಪತಿಯಾಗಿ ಕಳುಹಿಸಿದರು. ವಂಚಿಸಬಾರದು, ಸತ್ತವರ ಅಂಗಗಳನ್ನು ಕಡಿಯಬಾರದು, ಮಕ್ಕಳನ್ನು ಕೊಲ್ಲಬಾರದು ಎಂಬುದು ಅವರಿಗೆ ಸಿಕ್ಕಿದ ಆಜ್ಞೆ. ಅವರು ಮೂರು ದಿನ ಕಾದು ಸಂದೇಶ ತಲುಪಿಸಿದರು. ಅಲ್ಲಿಯ ಕಲ್ಬ್ ಗೋತ್ರದ ಕ್ರೈಸ್ತ ನಾಯಕ ಅಸ್ಬಗ್ ಇಸ್ಲಾಮ್ ಸ್ವೀಕರಿಸಿದರು.

630ರಲ್ಲಿ ತಬೂಕ್ ದಂಡಯಾತ್ರೆಯ ಸಮಯ. ಕಡು ಬೇಸಿಗೆ, ದೂರದ ದಾರಿ. ಸೇನೆಗೆ ಒಂಟೆಗಳೂ ಇಲ್ಲ, ಆಹಾರವೂ ಸಾಲದು. ಆ ದಿನಗಳಲ್ಲಿ ಅವರು ತಮ್ಮಲ್ಲಿದ್ದುದರ ಅರ್ಧವನ್ನು, ಅಂದರೆ 4,000 ದಿರ್ಹಮ್‌ಗಳನ್ನು ತಂದಿಟ್ಟರೆಂದು ವರದಿಗಳಿವೆ. ಕಪಟವಿಶ್ವಾಸಿಗಳು ಅದನ್ನು ಆಡಂಬರವೆಂದು ಆಡಿಕೊಂಡರು. ಕೂಲಿ ಮಾಡಿ ಗಳಿಸಿದ ಹಿಡಿ ಖರ್ಜೂರವನ್ನು ತಂದ ಬಡವನನ್ನೂ ಅವರು ಬಿಡಲಿಲ್ಲ; ಅಲ್ಲಾಹನಿಗೆ ಇದರ ಅಗತ್ಯವೇನೆಂದು ನಕ್ಕರು. ಅತ್ತೌಬಾ ಅಧ್ಯಾಯವು ಈ ಗೇಲಿಗಾರರನ್ನು ಖಂಡಿಸಿತು. ಅದೇ ಯಾತ್ರೆಯಲ್ಲಿ ಒಂದು ಮುಂಜಾನೆ ಪ್ರವಾದಿವರ್ಯರು(ಸ) ಬರುವುದು ತಡವಾದಾಗ ಫಜ್ರ್ ನಮಾಝ್‌ಗೆ ಅಬ್ದುರ್ರಹ್ಮಾನ್(ರ) ಇಮಾಮರಾಗಿ ನಿಂತಿದ್ದರು. ಪ್ರವಾದಿವರ್ಯರು(ಸ) ಅವರ ಹಿಂದೆ ನಿಂತು ನಮಾಝ್ ನಿರ್ವಹಿಸಿದರು.

644ರಲ್ಲಿ ಖಲೀಫರನ್ನು ಆರಿಸಲು ಹ. ಉಮರ್(ರ) ಹೆಸರಿಸಿದ ಆರು ಮಂದಿಯಲ್ಲಿ ಅವರೂ ಒಬ್ಬರು. ಅಧಿಕಾರ ಕೈಗೆಟಕುವಷ್ಟು ಹತ್ತಿರವಿದ್ದಾಗ ಅವರು ತಾವಾಗಿ ಹಿಂದೆ ಸರಿದು, ಜನರ ಅಭಿಪ್ರಾಯ ಕೇಳುವ ಹೊಣೆಯನ್ನು ಹೊತ್ತರು. ಕೊನೆಗೆ ಹ. ಉಸ್ಮಾನ್(ರ)ರನ್ನು ಆರಿಸಿದರು.

ಸಂಪತ್ತು ಅವರ ಕೈಯಲ್ಲಿ ಬೆಳೆಯುತ್ತಲೇ ಹೋಯಿತು, ಹೃದಯದೊಳಗೆ ಮಾತ್ರ ಇಳಿಯಲಿಲ್ಲ. ಒಂದು ಸಂಜೆ ಉಪವಾಸದಲ್ಲಿದ್ದ ಅವರ ಮುಂದೆ ಊಟ ಬಡಿಸಲಾಯಿತು. ಆಗ ಅವರಿಗೆ ಉಹುದ್‌ನಲ್ಲಿ ಹುತಾತ್ಮರಾದ ಹ. ಮುಸ್‌ಅಬ್(ರ) ನೆನಪಾದರು. ಅವರ ಕಫನ್ ತಲೆಗೆ ಹೊದಿಸಿದರೆ ಕಾಲಿಗೆ ಸಾಲದು, ಕಾಲಿಗೆ ಎಳೆದರೆ ತಲೆಗೆ ಸಾಲದು. ತಮಗಿಂತ ಉತ್ತಮರು ಹಾಗೆ ಹೋದರು, ತಮ್ಮ ಸತ್ಕರ್ಮಗಳ ಫಲ ಇಹದಲ್ಲೇ ಮುಗಿದುಹೋಯಿತೋ ಏನೋ ಎಂಬ ಭಯದಿಂದ ಅವರು ಅತ್ತು ಊಟವನ್ನೇ ಬಿಟ್ಟರು.

ಹಿಜರಿ 32ರಲ್ಲಿ ಅವರು ನಿಧನರಾದರು. ಮದೀನಾದ ಬಕೀಅ್‌ನಲ್ಲಿ ಅವರ ಸಮಾಧಿಯಿದೆ.

ಓದುಗರೇ, ನಮ್ಮಲ್ಲಿ ಎಷ್ಟೋ ಕುಟುಂಬಗಳು ವ್ಯಾಪಾರದಿಂದಲೇ ಬದುಕುತ್ತಿವೆ. ನಾಳೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಾಗ, ತುಪ್ಪ ಮಾರುತ್ತಾ ಬದುಕು ಕಟ್ಟಿದ ಈ ಸಹಾಬಿಯನ್ನು ನೆನೆಯಿರಿ. ತಕ್ಕಡಿ ಹಿಡಿದ ಕೈ ನೇರವಾಗಿರಲಿ, ಕೊಟ್ಟ ಮಾತು ಉಳಿಯಲಿ, ಸಂಜೆಯ ಊಟದ ಮುಂದೆ ಇಲ್ಲದವರ ನೆನಪಾಗಲಿ.