ಬಡವರ ಮುಖವನ್ನು ಲೋಕಕ್ಕೆ ತೋರಿದ ಮಾರ್ಗರೆಟ್ ಬರ್ಕ್-ವೈಟ್

ನಮ್ಮ ಮಾರಿಕುಪ್ಪಂ ನಿಲ್ದಾಣದಲ್ಲಿ ರೈಲುಹಾದಿಯು ಮುಗಿಯುತ್ತದೆ. ಬಂಗಾರಪೇಟೆಯಿಂದ ಬಂದ ಗಾಡಿಯು ಇಲ್ಲಿ ನಿಂತಿತೆಂದರೆ ಮುಂದೆ ಹೋಗಲು ಹಳಿಯಿಲ್ಲ. ಉತ್ತರ ಆರ್ಕಾಡು, ಸೇಲಂ, ಚಿತ್ತೂರು ಮುಂತಾದ ಸೀಮೆಗಳಲ್ಲಿ ಮಳೆಗೆಟ್ಟು, ಸಾಲಕ್ಕೆ ಸಿಕ್ಕಿ, ಊರು ಬಿಟ್ಟ ಎಷ್ಟೋ ಸಂಸಾರಗಳು ಗಂಟುಮೂಟೆಗಳೊಡನೆ ಈ ಕಡೆಯ ನಿಲ್ದಾಣದಲ್ಲಿಳಿದು, ಬಿದಿರು ತಟ್ಟಿಯ ಮನೆಗಳಲ್ಲಿ ನೆಲೆಸಿ, ಚಿನ್ನದ ಗಣಿಯಲ್ಲಿ ದುಡಿದವು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಯು ಮುಚ್ಚಿದ ಮೇಲೆ, ಅವರ ಮೊಮ್ಮಕ್ಕಳು ಇನ್ನೂ ಕತ್ತಲಿರುವಾಗಲೇ ಇದೇ ನಿಲ್ದಾಣದಲ್ಲಿ ಗಾಡಿಯನ್ನು ಹತ್ತಿ ಕೂಲಿಗಾಗಿ ಬೆಂಗಳೂರಿಗೆ ಹೋಗತೊಡಗಿದರು. ಕಷ್ಟಕಾಲದಲ್ಲಿ ಮನೆ ಬಿಟ್ಟು ಹೊರಡುವುದೆಂದರೆ ಏನೆಂಬುದನ್ನು ನಮ್ಮ ಪೂರ್ವವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ಹೇಳಿಕೊಡಬೇಕಾದುದಿಲ್ಲ. ಇಂತಹ ಜನರ ಮುಖಗಳನ್ನು ಛಾಯಾಚಿತ್ರಗಳ ಮೂಲಕ ಲೋಕದ ಕಣ್ಣೆದುರಿಗೆ ತಂದಿಟ್ಟ, ಹಾಗೆ ತರುವಾಗ ಕೆಲವು ಸಲ ತಾನೇ ಎಡವಿದ, ಒಬ್ಬ ಸ್ತ್ರೀಯ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಬರೆದಿದೆ.

ಮಾರ್ಗರೆಟ್ ಎಂಬ ಈ ಮಹಿಳೆಯು 1904ನೆಯ ಇಸವಿ ಜೂನ್ 14ರಂದು ಅಮೆರಿಕಾ ದೇಶದ ನ್ಯೂಯಾರ್ಕ್ ಪಟ್ಟಣದಲ್ಲಿ ಜನಿಸಿದಳು. ತಂದೆ ಜೋಸೆಫ್ ವೈಟ್ ಅಚ್ಚಿನ ಯಂತ್ರಗಳನ್ನು ಸುಧಾರಿಸುವುದರಲ್ಲಿ ಮಗ್ನನಾದ ಯಂತ್ರಶಿಲ್ಪಿ. ಮಾತಿನಲ್ಲಿ ಮಿತ, ಯೋಚನೆಯಲ್ಲಿ ಅಪಾರ. ತಾಯಿ ಮಿನಿ ಬರ್ಕ್ ಮಕ್ಕಳನ್ನು ಬಹು ಕಟ್ಟುನಿಟ್ಟಿನಿಂದ ಬೆಳೆಸಿದವಳು. ಮಗಳು ಕತ್ತಲೆಗೆ ಹೆದರುವಳೆಂದು ತಿಳಿದ ಈ ತಾಯಿಯು ಗದರಿಸಲಿಲ್ಲ. ಮುಸ್ಸಂಜೆಯಲ್ಲಿ ತಾನು ಮನೆಯ ಒಂದು ಮಗ್ಗುಲಿನಿಂದಲೂ ಮಗಳು ಇನ್ನೊಂದು ಮಗ್ಗುಲಿನಿಂದಲೂ ಓಡಿ ನಡುವೆ ಸಂಧಿಸುವ ಆಟವೊಂದನ್ನು ಕಲ್ಪಿಸಿ, ದಿನದಿನಕ್ಕೂ ಕತ್ತಲೆಯೊಳಗಿನ ಆ ದೂರವನ್ನು ಹೆಚ್ಚಿಸುತ್ತ ಹೋಗಿ, ಭಯವನ್ನು ಬಿಡಿಸಿದಳು. ತಂದೆಯು ಎಳೆಯ ಮಗಳನ್ನು ಒಮ್ಮೆ ಎರಕದ ಕಾರ್ಖಾನೆಗೆ ಕರೆದೊಯ್ದನು. ಅಲ್ಲಿ ಕರಗಿದ ಲೋಹವು ಕಿಡಿಗಳನ್ನು ಚಿಮ್ಮುತ್ತ ಹರಿದುದನ್ನು ಕಂಡ ಬಾಲಿಕೆಯು ಆ ನೋಟವನ್ನು ಜೀವಮಾನವೆಲ್ಲ ಮರೆಯಲಿಲ್ಲ.

1922ರಲ್ಲಿ ತಂದೆಯು ತೀರಿಕೊಂಡನು. ಮನೆಯಲ್ಲಿ ಹಣವು ಹೆಚ್ಚಾಗಿರಲಿಲ್ಲ. ಆದರೂ ತಾಯಿಯು ಇಪ್ಪತ್ತು ಡಾಲರು ಕೊಟ್ಟು, ಮಸೂರವು ಬಿರುಕು ಬಿಟ್ಟಿದ್ದ ಹಳೆಯ ಕ್ಯಾಮರವೊಂದನ್ನು ಮಗಳಿಗೆ ಕೊಂಡುಕೊಟ್ಟಳು. ಮಾರ್ಗರೆಟ್ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಕ್ಲಾರೆನ್ಸ್ ವೈಟ್ ಎಂಬ ಪ್ರಸಿದ್ಧ ಛಾಯಾಗ್ರಾಹಕನಲ್ಲಿ ಪಾಠ ಹೇಳಿಸಿಕೊಂಡಳು. ಆಗ ಆಕೆಯ ಮನಸ್ಸು ಚಿತ್ರಗಳಲ್ಲಿರದೆ ಹಾವು, ಹಲ್ಲಿ ಮೊದಲಾದ ಪ್ರಾಣಿಗಳ ಶಾಸ್ತ್ರದಲ್ಲಿದ್ದಿತು. 1924ರಲ್ಲಿ ಮದುವೆಯಾಯಿತು, ಎರಡು ವರ್ಷಗಳಲ್ಲಿಯೇ ಅದು ಮುರಿದುಹೋಯಿತು. ಒಂಟಿಯಾದ ತರುಣಿಯು ಜಲಪಾತಗಳ ಕೀರ್ತಿಯನ್ನು ಕೇಳಿ ಕಾರ್ನೆಲ್ ವಿಶ್ವವಿದ್ಯಾನಿಲಯವನ್ನು ಸೇರಿ, ಭೋಜನಶಾಲೆಯಲ್ಲಿ ಊಟ ಬಡಿಸಿಯೂ, ವಿದ್ಯಾಲಯದ ಕಟ್ಟಡಗಳ ಚಿತ್ರಗಳನ್ನು ತೆಗೆದು ಮಾರಿಯೂ, ತನ್ನ ಖರ್ಚನ್ನು ತಾನೇ ಸಂಪಾದಿಸಿಕೊಂಡು 1927ರಲ್ಲಿ ಪದವಿಯನ್ನು ಪಡೆದಳು. ತಾಯಿಯ ಮನೆತನದ ಹೆಸರನ್ನೂ ತಂದೆಯದನ್ನೂ ಜೋಡಿಸಿ ಬರ್ಕ್-ವೈಟ್ ಎಂದು ಕರೆದುಕೊಂಡದ್ದೂ ಈ ಕಾಲದಲ್ಲಿಯೇ.

ಬಳಿಕ ಕ್ಲೀವ್‌ಲೆಂಡ್ ಪಟ್ಟಣದಲ್ಲಿ ನೆಲೆಸಿ ಉಕ್ಕಿನ ಕಾರ್ಖಾನೆಯೊಂದರ ಒಳಗನ್ನು ಚಿತ್ರಿಸಲು ಅನುಮತಿ ಬೇಡಿದಳು. ಅಂತಹ ಸ್ಥಳವು ಹೆಂಗಸರಿಗೆ ತಕ್ಕುದಲ್ಲವೆಂಬುದು ಅಂದಿನವರ ಭಾವನೆ. ಹೇಗೋ ಒಪ್ಪಿಸಿ ಒಳಹೊಕ್ಕವಳಿಗೆ ಹೊಸ ತೊಡಕೊಂದು ಎದುರಾಯಿತು. ಆ ಕಾಲದ ಫಿಲ್ಮು ಕೆಂಪು ಬೆಳಕನ್ನು ಬಹು ಕಡಮೆಯಾಗಿ ಗ್ರಹಿಸುತ್ತಿದ್ದುದರಿಂದ, ಕಣ್ಣು ಕೋರೈಸುವ ಕಾದ ಉಕ್ಕು ಕೂಡ ಚಿತ್ರದಲ್ಲಿ ಕಪ್ಪಾಗಿಯೇ ಮೂಡುತ್ತಿದ್ದಿತು. ರಾತ್ರಿಯ ಮೇಲೆ ರಾತ್ರಿ ಕುಲುಮೆಯ ಬಳಿ ಬೆಂದು, ಕಡೆಗೆ ಮೆಗ್ನೀಸಿಯಮಿನ ಬತ್ತಿಗಳನ್ನು ಉರಿಸಿ ಬೆಳ್ಳಗಿನ ಬೆಳಕನ್ನು ಚೆಲ್ಲಿಸಿ ಚಿತ್ರಗಳನ್ನು ತೆಗೆದಳು. ಆ ಚಿತ್ರಗಳಿಂದ ಆಕೆಯ ಹೆಸರು ಹರಡಿ, 1929ರಲ್ಲಿ ಫಾರ್ಚೂನ್ ಪತ್ರಿಕೆಯವರು ಆಕೆಯನ್ನು ಕರೆಯಿಸಿಕೊಂಡರು. 1930ರಲ್ಲಿ ರಷ್ಯಾ ದೇಶಕ್ಕೂ ಹೋಗಿ ಅಲ್ಲಿಯ ಕಾರ್ಖಾನೆಗಳನ್ನು ಚಿತ್ರಿಸಿ ಬಂದಳು. ಯಂತ್ರಗಳು, ಸೇತುವೆಗಳು, ಹೊಗೆಗೊಳವಿಗಳು, ಇವೇ ಆಕೆಯ ಕಣ್ಣಿಗೆ ಸೌಂದರ್ಯವಾಗಿದ್ದವು. ಮನುಷ್ಯನು ಅವುಗಳ ಗಾತ್ರವನ್ನು ತೋರಿಸುವುದಕ್ಕಾಗಿ ನಿಲ್ಲಿಸಿದ ಅಳತೆಗೋಲಿನಂತಿದ್ದನು.

1929ರಲ್ಲಿ ಅಮೆರಿಕಾದಲ್ಲಿ ಷೇರುಪೇಟೆಯು ಕುಸಿದು ಮಹಾ ಆರ್ಥಿಕ ಮುಗ್ಗಟ್ಟು ತಲೆದೋರಿತು. ಬ್ಯಾಂಕುಗಳು ಮುಳುಗಿದವು, ಕಾರ್ಖಾನೆಗಳು ಮುಚ್ಚಿದವು, ಕೋಟ್ಯಂತರ ಜನರು ನಿರುದ್ಯೋಗಿಗಳಾದರು. ಇದರ ಮೇಲೆ ನಡುನಾಡಿನ ಬಯಲುಗಳಲ್ಲಿ ಮಳೆಯೂ ಕೈಕೊಟ್ಟಿತು. ಹುಲ್ಲುಗಾವಲನ್ನು ಆಳವಾಗಿ ಉತ್ತು ಗೋಧಿಯನ್ನು ಬಿತ್ತಿದ್ದ ಭೂಮಿಯು ಒಣಗಿ, ಮೇಲ್ಮಣ್ಣು ಗಾಳಿಗೆ ಹಾರಿ, ಹಗಲನ್ನೇ ಇರುಳು ಮಾಡಿತು. 1934ರಲ್ಲಿ ಫಾರ್ಚೂನ್ ಪತ್ರಿಕೆಯವರು ಈ ಅನಾವೃಷ್ಟಿಯನ್ನು ಚಿತ್ರಿಸಲು ಮಾರ್ಗರೆಟ್ಟಳನ್ನು ಕಳುಹಿಸಿದರು. ಸಣ್ಣದೊಂದು ವಿಮಾನವನ್ನು ಬಾಡಿಗೆಗೆ ಹಿಡಿದು ಉತ್ತರದ ಡಕೋಟಾದಿಂದ ದಕ್ಷಿಣದ ಟೆಕ್ಸಾಸಿನವರೆಗೆ ಸಂಚರಿಸಿದ ಆಕೆಯು ಸಾಯುತ್ತಿದ್ದ ದನಗಳನ್ನೂ, ಮಣ್ಣು ಮುಚ್ಚಿದ ಹೊಲಗಳನ್ನೂ, ಮಾತು ಬತ್ತಿದ ರೈತರನ್ನೂ ಕಂಡಳು. ಆಕೆಯ ಜೀವನವು ತಿರುಗಿದ್ದು ಇಲ್ಲಿಯೇ. ಅದುವರೆಗೆ ಮೋಟಾರುಕಾರುಗಳ ಮತ್ತು ಟೈರುಗಳ ಜಾಹೀರಾತಿನ ಚಿತ್ರಗಳಿಂದ ಧಾರಾಳವಾಗಿ ಹಣ ಬರುತ್ತಿದ್ದಿತು. ಆ ಕೆಲಸದಲ್ಲಿ ಮನಸ್ಸು ನಿಲ್ಲದೆ ಕೆಲಕಾಲದ ಮೇಲೆ ಅದನ್ನು ಬಿಟ್ಟುಬಿಟ್ಟಳು.

ಎರ್ಸ್ಕಿನ್ ಕಾಲ್ಡ್‌ವೆಲ್ ಎಂಬ ಕಾದಂಬರಿಕಾರನೊಡನೆ 1936 ಮತ್ತು 1937ರಲ್ಲಿ ಅಮೆರಿಕಾದ ದಕ್ಷಿಣ ಸಂಸ್ಥಾನಗಳಲ್ಲಿ ಆಕೆಯು ಸುತ್ತಿದಳು. ಅಲ್ಲಿ ಹತ್ತಿ ಬೆಳೆಯುವ ಪಾಲುಗಾರ ರೈತನಿಗೆ ನೆಲವೂ ತನ್ನದಲ್ಲ, ಬೀಜವೂ ತನ್ನದಲ್ಲ. ಬೆಳೆಯ ಅರ್ಧವು ಭೂಮಿಯವನಿಗೆ. ಉಳಿದರ್ಧದಲ್ಲಿ ಹಿಂದಿನ ಸಾಲವನ್ನು ಮುರಿದುಕೊಂಡರೆ ವರ್ಷದ ಕೊನೆಗೆ ಕೈ ಬರಿದು. ಬಿಳಿಯರೂ ಕರಿಯರೂ ಈ ಗಾಣದಲ್ಲಿ ಸಿಕ್ಕಿದ್ದರು, ಕರಿಯರು ಇನ್ನೂ ಬಿಗಿಯಾಗಿ. ಒಂದು ದಿನ ಬಡ ಹೆಂಗಸೊಬ್ಬಳ ಗುಡಿಸಿಲಲ್ಲಿ ಚಿತ್ರವು ಅಂದವಾಗಿ ಬರಲೆಂದು ಮಾರ್ಗರೆಟ್ ಮೇಜಿನ ಮೇಲಿದ್ದ ಸಣ್ಣಪುಟ್ಟ ಸಾಮಾನುಗಳನ್ನು ತನಗೆ ತೋರಿದಂತೆ ಸರಿಸಿಟ್ಟಳು. ಹೊರಗೆ ಬಂದ ಮೇಲೆ ಕಾಲ್ಡ್‌ವೆಲ್ಲನು, ಆ ವಸ್ತುಗಳು ಆ ಹೆಂಗಸು ತನ್ನ ಮನಸ್ಸಿಗೆ ಒಪ್ಪುವಂತೆ ಇಟ್ಟುಕೊಂಡಿದ್ದವೆಂದೂ ಅವನ್ನು ಕದಲಿಸುವ ಹಕ್ಕು ನಮಗಿಲ್ಲವೆಂದೂ ತಿಳಿಯಹೇಳಿದನು. ಬೇರೇನೂ ಇಲ್ಲದವಳಿಗೆ ತನ್ನ ಮನೆಯ ಓರಣವೊಂದೇ ಆಸ್ತಿ. ಈ ತಪ್ಪನ್ನು ಮಾರ್ಗರೆಟ್ ಮರೆಮಾಚದೆ ತನ್ನ ಆತ್ಮಕಥೆಯಲ್ಲಿ ತಾನೇ ಬರೆದಿದ್ದಾಳೆ. ಆದರೂ 1937ರಲ್ಲಿ ಈ ಇಬ್ಬರ ಗ್ರಂಥವು ಹೊರಬಂದಾಗ, ಚಿತ್ರಗಳ ಕೆಳಗಿನ ಮಾತುಗಳು ಬಡವರವಾಗಿರದೆ ಗ್ರಂಥಕರ್ತರು ಕಲ್ಪಿಸಿದವಾಗಿದ್ದವು. ಹಾಗೆಂದು ಅವರು ಗ್ರಂಥದಲ್ಲಿಯೇ ಒಪ್ಪಿಕೊಂಡಿದ್ದರು. ಮುಖವು ಒಬ್ಬರದು, ಮಾತು ಇನ್ನೊಬ್ಬರದು ಎಂಬ ಆಕ್ಷೇಪಣೆಯು ಆ ಗ್ರಂಥಕ್ಕೆ ಇಂದಿನವರೆಗೂ ತಪ್ಪಿಲ್ಲ. ಮಾರ್ಗರೆಟ್ 1939ರಲ್ಲಿ ಕಾಲ್ಡ್‌ವೆಲ್ಲನನ್ನು ಮದುವೆಯಾದಳು; 1942ರಲ್ಲಿ ಅವರು ಬೇರೆಯಾದರು.

1936ರ ನವೆಂಬರಿನಲ್ಲಿ ಲೈಫ್ ಎಂಬ ಚಿತ್ರಪತ್ರಿಕೆಯು ಹುಟ್ಟಿದಾಗ ಅದರ ಮೊದಲ ಸಂಚಿಕೆಯ ಮುಖಪುಟದಲ್ಲಿ ಆಕೆ ತೆಗೆದ ಅಣೆಕಟ್ಟಿನ ಚಿತ್ರವಿದ್ದಿತು. 1937ರ ಆರಂಭದಲ್ಲಿ ಒಹಾಯೊ ನದಿಯು ಉಕ್ಕಿ ಲೂಯಿವಿಲ್ ಪಟ್ಟಣವು ಮುಳುಗಿತು. ಅಲ್ಲಿ ಆಕೆ ತೆಗೆದ ಒಂದು ಚಿತ್ರವು ಲೋಕಪ್ರಸಿದ್ಧವಾಗಿದೆ. ಹಿಂದುಗಡೆ ದೊಡ್ಡ ಜಾಹೀರಾತು ಫಲಕ. ಅದರಲ್ಲಿ ಕಾರಿನೊಳಗೆ ನಗುತ್ತ ಕುಳಿತ ಬಿಳಿಯರ ಸಂಸಾರ, ಮೇಲೆ ಅಮೆರಿಕಾದ ಜೀವನಮಟ್ಟವೇ ಲೋಕದಲ್ಲೆಲ್ಲ ಹಿರಿದೆಂಬ ಹೆಮ್ಮೆಯ ಬರಹ. ಅದರ ಮುಂದೆ ಚೀಲ, ಬುಟ್ಟಿಗಳನ್ನು ಹಿಡಿದು ಅನ್ನಕ್ಕಾಗಿ ಸಾಲುಗಟ್ಟಿ ನಿಂತ ಕರಿಯ ಜನರು. ಇವರನ್ನು ನಿರುದ್ಯೋಗಿಗಳೆಂದು ಎಷ್ಟೋ ಮಂದಿ ಭಾವಿಸುವುದುಂಟು. ವಾಸ್ತವವಾಗಿ ಇವರು ಪ್ರವಾಹದಲ್ಲಿ ಮನೆಮಾರು ಕಳೆದುಕೊಂಡವರು. ಚಿತ್ರವು ಸುಳ್ಳಾಡದಿದ್ದರೂ ಅದರ ಹಿಂದಿನ ಸಂಗತಿಯನ್ನು ವಿಚಾರಿಸದೆ ನೋಡುವವನು ಸುಳ್ಳನ್ನೇ ಕಂಡಾನು.

ಎರಡನೆಯ ಮಹಾಯುದ್ಧದಲ್ಲಿ ಆಕೆಯ ಧೈರ್ಯವು ಪರೀಕ್ಷಿತವಾಯಿತು. 1941ರಲ್ಲಿ ಮಾಸ್ಕೋ ನಗರದ ಮೇಲೆ ಬಾಂಬುಗಳು ಬೀಳುತ್ತಿರುವಾಗ ಅಲ್ಲಿದ್ದಳು. ಆಫ್ರಿಕಾಕ್ಕೆ ಹೋಗುವಾಗ ಹಡಗು ಟಾರ್ಪೆಡೊ ಏಟಿಗೆ ಸಿಕ್ಕಲು ಜೀವರಕ್ಷಕ ದೋಣಿಯಲ್ಲಿ ಬದುಕಿ ಉಳಿದಳು. 1945ರಲ್ಲಿ ಬುಚೆನ್‌ವಾಲ್ಡ್ ಸೆರೆಶಿಬಿರದ ಘೋರವನ್ನು ಚಿತ್ರಿಸಿದಳು.

1946ರಲ್ಲಿ ಆಕೆಯು ನಮ್ಮ ದೇಶಕ್ಕೆ ಬಂದಳು. ಗಾಂಧೀಜಿಯವರ ಚಿತ್ರವನ್ನು ತೆಗೆಯಬೇಕಾದರೆ ಮೊದಲು ನೂಲುವುದನ್ನು ಕಲಿತು ಬರಬೇಕೆಂದು ಅವರ ಕಾರ್ಯದರ್ಶಿಯು ವಿಧಿಸಲು, ಯಂತ್ರಗಳನ್ನೇ ಪೂಜಿಸುತ್ತಿದ್ದ ಆ ಹೆಂಗಸು ಚರಕದ ಮುಂದೆ ಕುಳಿತು ನೂಲೆಳೆದಳು. ಅಂದು ಗಾಂಧೀಜಿಯವರ ಮೌನದ ದಿನ. ಮೂರೇ ಮಿಂಚುಬಲ್ಬುಗಳಿಗೆ ಅಪ್ಪಣೆ. ಅವುಗಳಲ್ಲಿ ಎರಡು ವ್ಯರ್ಥವಾದವು. ಮೂರನೆಯದರಲ್ಲಿ ಚರಕದ ಬಳಿ ಓದುತ್ತ ಕುಳಿತ ಗಾಂಧೀಜಿಯವರ ಚಿತ್ರವು ಮೂಡಿತು. ಅದೇ ವರ್ಷ ದಕ್ಷಿಣ ಭಾರತದ ಕ್ಷಾಮಪೀಡಿತ ಪ್ರದೇಶಗಳಲ್ಲಿ ಸುನಿಲ್ ಜಾನಾ ಎಂಬ ನಮ್ಮ ದೇಶದ ಛಾಯಾಗ್ರಾಹಕರೊಡನೆ ಆಕೆಯು ಸಂಚರಿಸಿದಳು. 1943ರ ಬಂಗಾಳದ ಕ್ಷಾಮವನ್ನು ಚಿತ್ರಿಸಿದ್ದ ಜಾನಾ ಅವರು ಆಕೆಗೆ ಹಳ್ಳಿಯ ಹಾದಿಗಳನ್ನೂ ಹಸಿದವರ ಮನೆಗಳನ್ನೂ ತೋರಿಸಿದರು.

1947ರಲ್ಲಿ ದೇಶವು ಇಬ್ಭಾಗವಾಗಲು ಲಕ್ಷಾಂತರ ಜನರು ಪಂಜಾಬಿನ ಗಡಿಯನ್ನು ಆ ಕಡೆಗೂ ಈ ಕಡೆಗೂ ದಾಟಿದರು. ಎತ್ತಿನ ಬಂಡಿಗಳು, ಹೆಗಲ ಮೇಲೆ ಮುದಿ ತಾಯಿಯರು, ಹಾದಿಯ ಬದಿಯ ಹೆಣಗಳು ಆಕೆಯ ಚಿತ್ರಗಳಲ್ಲಿ ಇಂದಿಗೂ ಉಳಿದಿವೆ. ಚಿತ್ರವು ಚೆನ್ನಾಗಿ ಬರಬೇಕೆಂದು ಆಕೆಯು ದಣಿದ ನಿರಾಶ್ರಿತರನ್ನು ಹಿಂದಕ್ಕೆ ಕಳುಹಿಸಿ ಮತ್ತೆ ನಡೆಸಿದಳೆಂದು ಜೊತೆಯಲ್ಲಿದ್ದ ವರದಿಗಾರ್ತಿಯು ಅನಂತರ ನೊಂದು ಹೇಳಿದುದುಂಟು. 1948ರ ಜನವರಿ 30ರಂದು, ಗಾಂಧೀಜಿಯವರು ಗುಂಡಿಗೆ ಬಲಿಯಾಗುವುದಕ್ಕೆ ಕೆಲವೇ ಗಂಟೆಗಳ ಮೊದಲು, ಆಕೆಯು ಅವರೊಡನೆ ಸಂಭಾಷಿಸಿದ್ದಳು. ಅವರ ದೇಹವನ್ನು ಮಲಗಿಸಿದ್ದ ಕೋಣೆಯಲ್ಲಿ ಮಿಂಚುದೀಪ ಬೆಳಗಿಸಿ ಚಿತ್ರ ತೆಗೆಯಲು, ಶೋಕದಲ್ಲಿದ್ದವರು ಸಿಟ್ಟುಗೊಂಡು ಆಕೆಯನ್ನು ಹೊರಗೆ ಕಳುಹಿಸಿದರು. ಕರುಣೆಯಿಂದ ಹೊರಟ ಕೈಯೂ ಆತುರಪಟ್ಟರೆ ಗಾಯ ಮಾಡುತ್ತದೆ. ಆಕೆಯ ಹಿರಿಮೆಯನ್ನು ಹೇಳುವಾಗ ಇದನ್ನು ಮುಚ್ಚಿಡುವುದು ನ್ಯಾಯವಲ್ಲ.

ಗಣಿಯ ಊರಿನವರಾದ ನಮಗೆ ಹತ್ತಿರವಾದ ಪ್ರಸಂಗವು 1950ರದು. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ನಗರದ ಬಳಿ ಭಾನುವಾರದ ನರ್ತನದಲ್ಲಿ ಉತ್ಸಾಹದಿಂದ ಕುಣಿಯುತ್ತಿದ್ದ ಇಬ್ಬರು ಗಣಿಗಾರರನ್ನು ಕಂಡ ಮಾರ್ಗರೆಟ್, ಅವರನ್ನು ಕೆಲಸದ ಸ್ಥಳದಲ್ಲಿಯೂ ನೋಡಬೇಕೆಂದು ಹಟ ಹಿಡಿದು, ಸುಮಾರು ಎರಡು ಮೈಲಿ ಆಳದ ಚಿನ್ನದ ಗಣಿಗೆ ಇಳಿದಳು. ನಮ್ಮ ಚಾಂಪಿಯನ್ ರೀಫ್ ಗಣಿಯೂ ಮೂರು ಕಿಲೋಮೀಟರುಗಳಿಗಿಂತ ಆಳಕ್ಕೆ ಹೋಗಿದ್ದುದರಿಂದ, ಅಲ್ಲಿಯ ಬಂಡೆಯ ಕಾವು ಹೇಗಿರುವುದೆಂದು ನಮ್ಮ ಮನೆಗಳ ಹಿರಿಯರು ಬಲ್ಲರು. ಸ್ವಲ್ಪ ಹೊತ್ತಿನಲ್ಲಿಯೇ ಮಾರ್ಗರೆಟ್ಟಳಿಗೆ ಕೈಕಾಲು ಸೋತು ಮಾತೂ ಬಾರದಾಯಿತು; ಮೇಲ್ವಿಚಾರಕನು ಆಕೆಯನ್ನು ತಂಪಾದ ಕಡೆಗೆ ಕೊಂಡೊಯ್ದನು. ಆ ಗಣಿಗಾರರಾದರೋ ಅದೇ ಕಾವಿನಲ್ಲಿ ದಿನವೆಲ್ಲ ದುಡಿಯತಕ್ಕವರು. ಬೆವರು ಧಾರೆಯಾಗಿ ಹರಿಯುವ ಆ ಎರಡು ಮುಖಗಳ ಚಿತ್ರವನ್ನು ಆಕೆಯು ತನಗೆ ಬಹು ಪ್ರಿಯವಾದ ಚಿತ್ರಗಳಲ್ಲಿ ಒಂದೆಂದು ಎಣಿಸಿದ್ದಳು. ಹೆಂಡಿರು ಮಕ್ಕಳನ್ನು ದೂರದ ಹಳ್ಳಿಗಳಲ್ಲಿ ಬಿಟ್ಟು ಬಂದಿದ್ದ ಅವರು ಆ ಗಣಿಯ ಲೆಕ್ಕದಲ್ಲಿ 1139 ಮತ್ತು 5122 ಎಂಬ ಅಂಕೆಗಳು ಮಾತ್ರ. ಚಿತ್ರವು ಲೋಕವನ್ನೆಲ್ಲ ಸುತ್ತಿತು. ಅವರು ಲೋಕಕ್ಕೆ ಇಂದಿಗೂ ಅಂಕೆಗಳಾಗಿಯೇ ಉಳಿದಿದ್ದಾರೆ. 1930ರಲ್ಲಿ ನಮ್ಮ ಚಿನ್ನದ ಗಣಿಗಳ ಕಾರ್ಮಿಕರು ಬೆರಳಗುರುತು ಕೊಟ್ಟು ದಾಖಲಾಗಬೇಕೆಂಬ ನಿಯಮವನ್ನು ಪ್ರತಿಭಟಿಸಿ ಮುಷ್ಕರ ಹೂಡಿದುದನ್ನು ಇದರೊಡನೆ ನೆನೆದರೆ, ತಮ್ಮನ್ನು ಮನುಷ್ಯರೆಂದು ಎಣಿಸಬೇಕೆಂಬ ಅವರ ಹಂಬಲವು ಎಷ್ಟು ಆಳವಾದುದೆಂದು ತಿಳಿಯುವುದು.

ಐವತ್ತು ವರ್ಷ ಸಮೀಪಿಸುವಾಗ ಆಕೆಗೆ ಪಾರ್ಕಿನ್ಸನ್ ಎಂಬ ನಡುಕದ ರೋಗವು ತಗುಲಿತು. ಸೂಕ್ಷ್ಮ ಯಂತ್ರಗಳನ್ನು ಆಡಿಸಿದ ಬೆರಳುಗಳು ಕಾಗದವನ್ನು ಮುದುರಿ ಹಿಂಡುವ ವ್ಯಾಯಾಮವನ್ನು ಮಗುವಿನಂತೆ ಕಲಿಯಬೇಕಾಯಿತು. 1959ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯಾದಾಗ, ಸಹೋದ್ಯೋಗಿಯಾದ ಆಲ್ಫ್ರೆಡ್ ಐಸೆನ್‌ಸ್ಟಾಟನು ಆಕೆಯ ಹೋರಾಟದ ಚಿತ್ರಗಳನ್ನು ತೆಗೆಯಲು ಆಕೆಯು ಸಮ್ಮತಿಸಿದಳು. ಎಷ್ಟೋ ಜನರ ಕಷ್ಟದ ಮುಂದೆ ಕ್ಯಾಮರ ಹಿಡಿದು ನಿಂತಿದ್ದವಳು ಈಗ ತಾನೇ ಕ್ಯಾಮರದ ಮುಂದೆ, ಅಸಹಾಯಳಾಗಿ, ಬೋಳಿಸಿದ ತಲೆಯೊಡನೆ ಕುಳಿತಳು. ಒಂದು ಭೇದ ಮಾತ್ರ ಇದ್ದಿತು: ಆಕೆಯನ್ನು ಕೇಳಿ ತೆಗೆದರು, ಆಕೆಯ ಹೆಸರನ್ನು ಬರೆದರು. ಲೈಫ್ ಪತ್ರಿಕೆಯಲ್ಲಿ ಅವು ಅಚ್ಚಾದವು. 1963ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿ, 1971ನೆಯ ಇಸವಿ ಆಗಸ್ಟ್ 27ರಂದು, 67ನೆಯ ವಯಸ್ಸಿನಲ್ಲಿ ಆಕೆಯು ಕಾಲವಾದಳು.

ಈ ಚರಿತ್ರೆಯಿಂದ ನಮ್ಮ ಹುಡುಗಿಯರು ಧೈರ್ಯವನ್ನು ಕಲಿಯಲಿ. ಬಿರುಕು ಬಿಟ್ಟ ಮಸೂರದಿಂದಲೂ ಕೆಲಸವು ಆರಂಭವಾಗಬಹುದೆಂದು ತಿಳಿಯಲಿ. ಅದಕ್ಕಿಂತಲೂ ಮುಖ್ಯವಾದ ಪಾಠವು ಆ ಬಡ ಹೆಂಗಸಿನ ಗುಡಿಸಿಲಿನಲ್ಲಿದೆ. ಬಡವರ ಮನೆಯೊಳಗೆ ಉಪಾಧ್ಯಾಯಿನಿಯಾಗಿಯೋ, ದಾದಿಯಾಗಿಯೋ, ಅಧಿಕಾರಿಣಿಯಾಗಿಯೋ ಕಾಲಿಡುವವಳು ಅಲ್ಲಿಯ ಓರಣವನ್ನು ಕದಲಿಸುವ ಮೊದಲು ಅಪ್ಪಣೆಯನ್ನು ಕೇಳಬೇಕು, ಅವರ ಮಾತನ್ನು ಅವರ ಬಾಯಿಂದಲೇ ಕೇಳಬೇಕು, ಅವರ ಹೆಸರನ್ನು ತಿಳಿಯಬೇಕು.

ನಿಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ತಲೆಗೆ ಟೋಪಿಯಿಟ್ಟು, ಕೈಯಲ್ಲಿ ದೀಪ ಹಿಡಿದು, ಗಣಿಯ ಬಾಯಲ್ಲಿ ನಿಂತ ತಂದೆಯ ಇಲ್ಲವೆ ತಾತನ ಹಳೆಯ ಪಟವೊಂದಿರಬಹುದು. ಅವರ ಜೊತೆಯಲ್ಲಿ ನಿಂತವರು ಯಾರೆಂದು ಹೇಳಬಲ್ಲ ಹಿರಿಯರು ದಿನೇ ದಿನೇ ಕಡಮೆಯಾಗುತ್ತಿದ್ದಾರೆ. ಈ ಸಂಜೆಯೇ ಆ ಪಟವನ್ನು ತೆಗೆದು, ಹಿರಿಯರನ್ನು ಕೇಳಿ, ಹಿಂಬದಿಯಲ್ಲಿ ಪ್ರತಿಯೊಬ್ಬರ ಹೆಸರನ್ನೂ ಊರನ್ನೂ ಸೀಸದ ಕಡ್ಡಿಯಿಂದ ಮೆಲ್ಲಗೆ ಬರೆದಿಡಿರಿ.